ಹೇನಿಗೆ ರೆಕ್ಕೆ ಯಾಕೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂಗಾರಿನಲ್ಲಿ ನನಗೆ ಫೋನ್ ಜಾಸ್ತಿ. ಕುಸುಬೆಗೆ ಕರಿ ಹೇನು (ತಲೆಯ ಹೇನಲ್ಲ, ಗಿಡದ ರಸ ಹೀರುವ ಸಸ್ಯಹೇನು), ಜೋಳದ ಎಲೆ ಮೇಲೆ ಅಂಟು, ಮೆಣಸಿನ ಗಿಡದ ಸುಳಿ ಮುರುಟು. ಮಾತು ಎಲ್ಲಿಂದ ಶುರುವಾದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹೋದ ವಾರ ನೋಡಿದಾಗ ಇವಕ್ಕೆ ರೆಕ್ಕೆ ಇರಲಿಲ್ಲ, ಈಗ ಎಲ್ಲಿಂದ ಬಂತು?" ನಾನು ಗದಗ ಜಿಲ್ಲೆಯ ಎರೆ ಹೊಲದ ಮನೆಯಲ್ಲಿ ಬೆಳೆದವನು. ಈಗ ಧಾರವಾಡದಲ್ಲಿ ಕೀಟಶಾಸ್ತ್ರ ಪಾಠ ಮಾಡುತ್ತೇನೆ. ರೈತರು ಕೇಳಿದ್ದು, ವಿದ್ಯಾರ್ಥಿಗಳು ಕೇಳಿದ್ದು ಎರಡನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ರೆಕ್ಕೆ ಇರುವ ಹೇನು, ಇಲ್ಲದ ಹೇನು ಬೇರೆ ಬೇರೆ ಜಾತಿಯೇ?

ಅಲ್ಲ. ಒಂದೇ ತಾಯಿಯ ಮಕ್ಕಳು. ನಮ್ಮ ಭಾಗದ ಬೆಚ್ಚನೆ ಹವೆಯಲ್ಲಿ ಹೇನಿಗೆ ಸಾಮಾನ್ಯವಾಗಿ ಗಂಡು ಬೇಕಾಗುವುದಿಲ್ಲ. ಹೆಣ್ಣು ಹೇನು ತಾನೇ ಬಸಿರಾಗಿ, ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುತ್ತದೆ. ಹಾಗೆ ಹುಟ್ಟಿದ ಮರಿಗಳೆಲ್ಲ ತಾಯಿಯ ಪಡಿಯಚ್ಚು. ಜೀನುಗಳಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಆದರೂ ಒಂದಕ್ಕೆ ರೆಕ್ಕೆ ಇದೆ, ಅದರ ತಂಗಿಗೆ ಇಲ್ಲ.

ರೆಕ್ಕೆ ಒಂದೇ ಬೇರೆ ಎಂದುಕೊಳ್ಳಬೇಡಿ. ರೆಕ್ಕೆ ಇರುವುದರ ಎದೆಭಾಗ ಗಟ್ಟಿ, ಅದರೊಳಗೆ ಹಾರುವ ಸ್ನಾಯು ಇದೆ. ಕಣ್ಣು, ಮೀಸೆ ಚುರುಕು. ಆದರೆ ಅದು ಬೆಳೆಯಲು ಜಾಸ್ತಿ ದಿನ ಬೇಕು, ಹಾಕುವ ಮರಿಯೂ ಕಡಿಮೆ. ರೆಕ್ಕೆ ಇಲ್ಲದ್ದು ಅಲ್ಲೇ ಕೂತು ರಸ ಹೀರುತ್ತ ಮರಿ ಹಾಕುವುದಕ್ಕೇ ಮೀಸಲು. ಒಂದು ಊರು ಬಿಡುವ ಮೈ, ಇನ್ನೊಂದು ಮನೆ ತುಂಬಿಸುವ ಮೈ.

ಜೀನು ಒಂದೇ ಆದರೆ ಮೈ ಬೇರೆ ಹೇಗಾಗುತ್ತದೆ?

ಇಲ್ಲೇ "ಎಪಿಜೆನೆಟಿಕ್ಸ್" ಎಂಬ ಮಾತು ಬರುವುದು. ಕಾನ್ರಾಡ್ ವಾಡಿಂಗ್ಟನ್ ಎಂಬ ಬ್ರಿಟನ್ನಿನ ವಿಜ್ಞಾನಿ 1942ರಲ್ಲಿ ಈ ಪದ ಬಳಕೆಗೆ ತಂದರು. ಜೀನಿನ ಬರಹ ಬದಲಾಗುವುದಿಲ್ಲ. ಯಾವ ಜೀನು ಯಾವಾಗ, ಎಷ್ಟು ಕೆಲಸ ಮಾಡಬೇಕು ಎಂಬುದು ಬದಲಾಗುತ್ತದೆ.

ನವಲಗುಂದ, ನರಗುಂದದ ಕಡೆಯವರಿಗೆ ನಾನು ಮಲಪ್ರಭಾ ಕಾಲುವೆಯ ಮಾತಿನಲ್ಲಿ ಹೇಳುತ್ತೇನೆ. ಕಾಲುವೆ ಒಂದೇ, ನೀರು ಒಂದೇ. ಆದರೆ ತೂಬು ತೆಗೆದ ಹೊಲಕ್ಕೆ ಮಾತ್ರ ನೀರು. ತೂಬು ಮುಚ್ಚಿದ ಹೊಲ ಅಲ್ಲೇ ಇರುತ್ತದೆ, ಒಣಗಿ ಇರುತ್ತದೆ. ರೆಕ್ಕೆಯ ಜೀನುಗಳು ಎಲ್ಲ ಹೇನಿನಲ್ಲೂ ಇವೆ. ಕೆಲವದರಲ್ಲಿ ತೂಬು ತೆಗೆದಿರುತ್ತದೆ, ಅಷ್ಟೇ.

ತೂಬು ತೆಗೆಯುವ, ಮುಚ್ಚುವ ದಾರಿಗಳು ಹಲವು. ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ಗುರುತು ಅಂಟುವುದು ಒಂದು. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಆ ಸುತ್ತು ಬಿಗಿ ಅಥವಾ ಸಡಿಲ ಆಗುವುದು ಇನ್ನೊಂದು. ಗರಗದ ಖಾದಿ ನೂಲು ಉರುಳೆಗೆ ಸುತ್ತಿದ್ದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಬಿಗಿಯಾಗಿ ಸುತ್ತಿದ ನೂಲಿನ ತುದಿ ಸಿಗುವುದಿಲ್ಲ, ಸಡಿಲ ಇದ್ದರೆ ಎಳೆಯಬಹುದು. ಮೂರನೆಯದು ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ತುಣುಕುಗಳು. ಜೀನಿನಿಂದ ಹೊರಟ ಆದೇಶವನ್ನು ಅವು ದಾರಿಯಲ್ಲೇ ತಡೆಯುತ್ತವೆ.

ಇದಕ್ಕೆ ಕಣ್ಣಿಗೆ ಕಾಣುವ ಉದಾಹರಣೆ ಇದೆಯಾ?

ಜೇನು. ರಾಣಿ, ಕೆಲಸಗಾರ ಹುಳು ಎರಡೂ ಒಂದೇ ರೀತಿಯ ಮೊಟ್ಟೆಯಿಂದ ಬರುತ್ತವೆ. ಮರಿಗೆ ಸಿಗುವ ಆಹಾರದಿಂದ ದಾರಿ ಬೇರೆಯಾಗುತ್ತದೆ. ಮೀಥೈಲ್ ಗುರುತು ಅಂಟಿಸುವ ಕಿಣ್ವವನ್ನು ಮರಿಗಳಲ್ಲಿ ತಗ್ಗಿಸಿದಾಗ ಬಹಳಷ್ಟು ಮರಿಗಳು ರಾಣಿಯಂತೆ ಬೆಳೆದವು ಎಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಆದರೆ ಎಲ್ಲ ಹುಳಕ್ಕೂ ಇದೇ ಲೆಕ್ಕ ಹಿಡಿಯಬಾರದು. ಹಣ್ಣಿನ ನೊಣದಲ್ಲಿ ಈ ಗುರುತು ಇಲ್ಲವೆನ್ನುವಷ್ಟು ಕಡಿಮೆ.

ಹೊಲದಲ್ಲಿ ಜನಸಂದಣಿ ಆಗಿದೆ ಎಂದು ಹೇನಿಗೆ ಹೇಗೆ ಗೊತ್ತಾಗುತ್ತದೆ?

ಮೈ ತಾಗುವುದರಿಂದ. 1960ರ ದಶಕದಲ್ಲಿ ಇಂಗ್ಲೆಂಡಿನ ಎ. ಡಿ. ಲೀಸ್ ಇದನ್ನು ಬಹಳ ತಾಳ್ಮೆಯಿಂದ ಪರೀಕ್ಷಿಸಿದರು. ಒಂಟಿಯಾಗಿ ಬೆಳೆದ ತಾಯಿ ರೆಕ್ಕೆ ಇಲ್ಲದ ಮರಿ ಹಾಕುತ್ತದೆ. ಅದನ್ನೇ ಇತರ ಹೇನುಗಳ ಜೊತೆ ಸ್ವಲ್ಪ ಹೊತ್ತು ಇಕ್ಕಟ್ಟಿನಲ್ಲಿ ಇಟ್ಟರೆ, ಆಮೇಲೆ ಹಾಕುವ ಮರಿಗಳಲ್ಲಿ ರೆಕ್ಕೆಯವು ಬರುತ್ತವೆ. ಕಾಲು, ಮೀಸೆ ಒಂದಕ್ಕೊಂದು ತಾಗಿದ್ದೇ ಸುದ್ದಿ.

ಸುದ್ದಿ ಕೇಳಿದ್ದು ತಾಯಿ, ರೆಕ್ಕೆ ಬಂದದ್ದು ಮಗಳಿಗೆ. ಈ ಒಂದು ಸಂಗತಿಗೆ ನಾನು ಪ್ರತಿ ವರ್ಷ ಪಾಠದಲ್ಲಿ ಇಡೀ ಒಂದು ತಾಸು ಕೊಡುತ್ತೇನೆ. ಹೇನಿನ ಬಸಿರು ಬಹಳ ವಿಚಿತ್ರ. ತಾಯಿಯ ಹೊಟ್ಟೆಯಲ್ಲಿರುವ ಮರಿಯ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಮೊಳೆಯುತ್ತಿರುತ್ತಾಳೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೈಯೊಳಗೆ. ಅಜ್ಜಿಗೆ ತಾಗಿದ ಇಕ್ಕಟ್ಟು ಒಳಗಿನವರಿಗೂ ಮುಟ್ಟುತ್ತದೆ.

ಕಾರಣ ಇಕ್ಕಟ್ಟು ಒಂದೇ ಅಲ್ಲ. ಗಿಡ ಬಲಿತು ರಸ ಕೆಟ್ಟರೂ ರೆಕ್ಕೆ ಬರುತ್ತದೆ. ಗುಲಗಂಜಿ ಹುಳು ಬಂದು ತಿನ್ನತೊಡಗಿದರೆ ಹೇನು ಹಿಂಭಾಗದಿಂದ ಒಂದು ಎಚ್ಚರಿಕೆಯ ವಾಸನೆ ಬಿಡುತ್ತದೆ. ಆ ವಾಸನೆಗೆ ಉಳಿದವು ಗಾಬರಿಯಿಂದ ಅತ್ತಿತ್ತ ಓಡಾಡಿ ಮೈ ತಾಗಿಸಿಕೊಳ್ಳುತ್ತವೆ. ಬಟಾಣಿ ಹೇನಿನಲ್ಲಿ ಹೀಗಾದ ಮೇಲೆ ರೆಕ್ಕೆಯ ಮರಿ ಜಾಸ್ತಿ ಹುಟ್ಟುವುದನ್ನು ನೋಡಿದ್ದಾರೆ. ಇರುವೆಯದು ತಿರುವುಮುರುವು. ಇರುವೆ ಕಾವಲಿರುವ ಗುಂಪಿನಲ್ಲಿ, ಕೆಲವು ಜಾತಿಯ ಹೇನಿಗೆ ರೆಕ್ಕೆ ಬರುವುದು ತಡ. ಅಂಟು ಸಿಹಿ ಕೊಡುವ ದನವನ್ನು ಯಾರು ಬಿಟ್ಟುಕೊಡುತ್ತಾರೆ, ಅಲ್ವಾ?

ತಾಯಿಯ ಮೈಯಿಂದ ಮರಿಗೆ ಆ ಸುದ್ದಿ ದಾಟುವುದು ಹೇಗೆ?

ಹಾರ್ಮೋನಿನ ಮೂಲಕ. ಹುಳಗಳು ಪೊರೆ ಕಳಚಲು ಬಳಸುವ ಎಕ್ಡೈಸೋನ್ ಎಂಬ ಹಾರ್ಮೋನು ಇದೆ. ಬಟಾಣಿ ಹೇನಿನ ತಾಯಿಯಲ್ಲಿ ಇದರ ಸಂಕೇತ ತಗ್ಗಿದರೆ ರೆಕ್ಕೆಯ ಮರಿ ಜಾಸ್ತಿ, ಏರಿದರೆ ಕಡಿಮೆ. ಅಮೆರಿಕದ ಜೆನಿಫರ್ ಬ್ರಿಸನ್ ಅವರ ತಂಡ 2017ರಲ್ಲಿ ಇದನ್ನು ತೋರಿಸಿತು. ನಿಂಬೆ ಜಾತಿಯ ಗಿಡಗಳ ಕಂದು ಹೇನಿನಲ್ಲಿ ಒಂದು ಮೈಕ್ರೋ ಆರ್‌ಎನ್‌ಎ ಮತ್ತು ಇನ್ಸುಲಿನ್ ಸಂಕೇತ ಸೇರಿ ಇದೇ ಕೆಲಸ ಮಾಡುವುದು ಚೀನಾದ ಅಧ್ಯಯನದಲ್ಲಿ ಕಂಡಿದೆ. ಹೌದು, ನಮ್ಮ ಸಕ್ಕರೆ ಕಾಯಿಲೆಯಲ್ಲಿ ಕೇಳುವ ಇನ್ಸುಲಿನ್‌ನ ಸಂಬಂಧಿಯೇ. "ಊಟ ಚೆನ್ನಾಗಿದೆಯೋ ಇಲ್ಲವೋ" ಎಂದು ಮೈಗೆ ಹೇಳುವ ಕೆಲಸ ಹುಳದಲ್ಲೂ ಅದರದೇ.

ಇನ್ನೊಂದು ಮಾತು. ಹುಟ್ಟುವಾಗ ಎಲ್ಲ ಬಟಾಣಿ ಹೇನಿನ ಮರಿಗೂ ರೆಕ್ಕೆಯ ಮೊಳಕೆ ಇರುತ್ತದೆ. ರೆಕ್ಕೆ ಬೇಡವೆಂದಾದ ಮರಿಯಲ್ಲಿ ಆ ಮೊಳಕೆ ಕರಗಿ ಹೋಗುತ್ತದೆ. ಹಾಗಾಗಿ "ರೆಕ್ಕೆ ಬಂತು" ಅನ್ನುವುದಕ್ಕಿಂತ "ರೆಕ್ಕೆ ಕರಗಲಿಲ್ಲ" ಅನ್ನುವುದು ಸರಿ.

ಇದು ನಿಜವಾಗಿ ಎಪಿಜೆನೆಟಿಕ್ಸ್ ತಾನೆ? ನಮ್ಮ ಮೇಷ್ಟ್ರು ಬರೀ ಹಾರ್ಮೋನು ಎನ್ನುತ್ತಾರೆ.

ಒಳ್ಳೆಯ ಪ್ರಶ್ನೆ. ಹಾರ್ಮೋನಿನ ಪಾತ್ರಕ್ಕೆ ಗಟ್ಟಿ ಸಾಕ್ಷಿ ಇದೆ. ಮೈಕ್ರೋ ಆರ್‌ಎನ್‌ಎ ಪಾತ್ರಕ್ಕೂ ಕೆಲವು ಜಾತಿಗಳಲ್ಲಿ ಇದೆ. ಡಿಎನ್‌ಎ ಮೇಲಿನ ಗುರುತುಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. 2010ರಲ್ಲಿ ಬಟಾಣಿ ಹೇನಿನ ಪೂರ್ತಿ ಜೀನೋಮ್ ಓದಿದಾಗ ಮೀಥೈಲ್ ಅಂಟಿಸುವ ಸಲಕರಣೆ ಅದರಲ್ಲಿ ಇರುವುದು ಕಂಡಿತು. ಸಲಕರಣೆ ಇದೆ ಎಂದಮಾತ್ರಕ್ಕೆ ರೆಕ್ಕೆಯ ತೂಬು ತೆಗೆಯುವುದು ಅದೇ ಎಂದಾಗುವುದಿಲ್ಲ. ನಿಮ್ಮ ಮೇಷ್ಟ್ರು ಕಟ್ಟುನಿಟ್ಟಿನ ಅರ್ಥ ಹಿಡಿದಿದ್ದಾರೆ: ಡಿಎನ್‌ಎ, ಹಿಸ್ಟೋನ್ ಮೇಲೆ ಗುರುತು ಇದ್ದರೆ ಮಾತ್ರ ಎಪಿಜೆನೆಟಿಕ್ಸ್. ನಾನು ವಾಡಿಂಗ್ಟನ್ನರ ಅಗಲವಾದ ಅರ್ಥ ಹಿಡಿಯುತ್ತೇನೆ: ಬರಹ ಬದಲಾಗದೆ ಜೀನಿನ ಕೆಲಸ ಬದಲಾದರೆ ಸಾಕು. ಪರೀಕ್ಷೆಯಲ್ಲಿ ಯಾವ ಅರ್ಥದಲ್ಲಿ ಬರೆಯುತ್ತಿದ್ದೀರಿ ಎಂದು ಮೊದಲೇ ಹೇಳಿಬಿಡಿ.

ಹಾನಗಲ್ಲ ಕಡೆ ಭತ್ತಕ್ಕೆ ಕಂದು ಜಿಗಿಹುಳು ಬರುತ್ತದೆ. ಅದಕ್ಕೂ ಹೀಗೆಯೇ?

ಫಲ ಹೇನಿನಂತೆಯೇ, ದಾರಿ ಬೇರೆ. ಜಿಗಿಹುಳುವಿನಲ್ಲಿ ಉದ್ದ ರೆಕ್ಕೆಯದು, ಗಿಡ್ಡ ರೆಕ್ಕೆಯದು ಎಂದು ಎರಡು ರೂಪ. ಇಲ್ಲಿ ಮರಿ ತಾನು ಬೆಳೆಯುತ್ತಿರುವಾಗಲೇ ತೀರ್ಮಾನ ಆಗುತ್ತದೆ.

ಮೊದಲು ಗದ್ದೆಗೆ ಹಾರಿ ಬರುವುದು ಉದ್ದ ರೆಕ್ಕೆಯವು. ಪೈರು ಎಳೆಯದಾಗಿದ್ದರೆ ಅವುಗಳ ಮಕ್ಕಳಲ್ಲಿ ಗಿಡ್ಡ ರೆಕ್ಕೆಯವು ಜಾಸ್ತಿ. ಗಿಡ್ಡ ರೆಕ್ಕೆಯ ಹೆಣ್ಣು ಬೇಗ ಮೊಟ್ಟೆ ಶುರು ಮಾಡುತ್ತದೆ, ಮೊಟ್ಟೆಯೂ ಜಾಸ್ತಿ. ನೋಡ ನೋಡುತ್ತಿದ್ದಂತೆ ಬುಡ ತುಂಬಿ ಗದ್ದೆ ಅಲ್ಲಲ್ಲಿ ಸುಟ್ಟಂತೆ ವೃತ್ತವಾಗಿ ಒಣಗುತ್ತದೆ. ಪೈರು ಬಲಿತ ಮೇಲೆ ಮತ್ತೆ ಉದ್ದ ರೆಕ್ಕೆಯವು ಹುಟ್ಟಿ ಹಾರಿ ಹೋಗುತ್ತವೆ.

ಈ ಹುಳದ ಒಳಗುಟ್ಟು ಬಿಡಿಸಿದವರು ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು. 2015ರಲ್ಲಿ ಅವರು ಇದರಲ್ಲಿ ಎರಡು ಇನ್ಸುಲಿನ್ ಗ್ರಾಹಕಗಳು (ಇನ್ಸುಲಿನ್ ಸಂಕೇತ ಹಿಡಿಯುವ ಪ್ರೋಟೀನುಗಳು) ಎದುರುಬದುರಾಗಿ ಕೆಲಸ ಮಾಡುವುದನ್ನು ತೋರಿಸಿದರು. ಮೊದಲನೆಯದನ್ನು ತಡೆದರೆ ಗಿಡ್ಡ ರೆಕ್ಕೆ, ಎರಡನೆಯದನ್ನು ತಡೆದರೆ ಉದ್ದ ರೆಕ್ಕೆ. ಆಮೇಲಿನ ಕೆಲಸದಲ್ಲಿ ಮೈಕ್ರೋ ಆರ್‌ಎನ್‌ಎ 34 ಎಂಬ ತುಣುಕು ಮೊದಲನೆಯ ಗ್ರಾಹಕವನ್ನು ತಗ್ಗಿಸುತ್ತದೆ ಎಂದು ಕಂಡಿತು. ಪೈರು ಬಲಿತಾಗ ಅದರ ರಸದಲ್ಲಿ ಗ್ಲೂಕೋಸ್ ಏರುತ್ತದೆ, ಅದೇ ಉದ್ದ ರೆಕ್ಕೆಗೆ ಸೂಚನೆ ಎಂದೂ ಗೊತ್ತಾಯಿತು. ಅಂದರೆ ಹುಳ ಪೈರಿನ ವಯಸ್ಸನ್ನು ರುಚಿಯಿಂದ ಓದುತ್ತದೆ.

ಗದ್ದೆಯಲ್ಲಿ ಮಾಡಬೇಕಾದ್ದು: ಎಲೆ ನೋಡಬೇಡಿ, ಬಗ್ಗಿ ಬುಡ ನೋಡಿ. ಗಿಡ್ಡ ರೆಕ್ಕೆಯ ಹೊಟ್ಟೆ ಉಬ್ಬಿದ ಹೆಣ್ಣು ಕಂಡರೆ ಮುಂದಿನ ತಲೆಮಾರು ದೊಡ್ಡದು ಎಂದು ತಿಳಿಯಿರಿ. ಯೂರಿಯಾ ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಿ. ನಾಟಿಯಲ್ಲಿ ಎಂಟು ಹತ್ತು ಅಡಿಗೊಮ್ಮೆ ಒಂದು ಅಡಿ ದಾರಿ ಬಿಡಿ. ಹುಳ ಏರುತ್ತಿದ್ದರೆ ಕೆಲವು ದಿನ ನೀರು ಬಸಿಯಿರಿ. ಪೈರೆಥ್ರಾಯ್ಡ್ ಜಾತಿಯ ಔಷಧ ಹೊಡೆದರೆ ಜೇಡ ಮತ್ತಿತರ ಮಿತ್ರ ಹುಳ ಸತ್ತು ಜಿಗಿಹುಳು ಮತ್ತೆ ಎದ್ದು ಬರುವುದು ಎಷ್ಟೋ ದೇಶಗಳಲ್ಲಿ ಕಂಡ ಸಂಗತಿ.

ಎಣ್ಣೆ (ಕೀಟನಾಶಕ) ಹೊಡೆದ ಮೇಲೆ ಹೇನು ಮಾಯವಾಯಿತು. ಎಣ್ಣೆ ಹತ್ತಿತು ತಾನೆ?

ಹತ್ತಿರಬಹುದು. ಆದರೆ ಒಮ್ಮೆ ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಕುಸುಬೆಯ ತುದಿಯೆಲ್ಲ ಕಪ್ಪು. ಮರುದಿನ ಅಪ್ಪ ಎಣ್ಣೆ ಹೊಡೆಸಿದರು. ವಾರದಲ್ಲಿ ಗಿಡ ಖಾಲಿ. ಅಪ್ಪನಿಗೆ ಸಮಾಧಾನ. ನಾನು ಹೊಡೆಯುವ ಮೊದಲು ಕಿತ್ತುಕೊಂಡು ಬಂದ ಒಂದು ತುದಿಯನ್ನು ಲೆನ್ಸ್‌ನಲ್ಲಿ ನೋಡಿದ್ದೆ. ದೊಡ್ಡ ಮರಿಗಳಲ್ಲಿ ಬಹುಪಾಲು ರೆಕ್ಕೆಯ ಮೊಗ್ಗು ಹೊತ್ತಿದ್ದವು. ಎಣ್ಣೆ ತಾಗದೇ ಉಳಿದಿದ್ದರೂ ಆ ವಾರ ಅವು ಹಾರಿ ಹೋಗುವವೇ ಆಗಿದ್ದವು. ಹತ್ತು ದಿನಕ್ಕೆ ಪಕ್ಕದ ತಡವಾಗಿ ಬಿತ್ತಿದ ಕುಸುಬೆ ಕಪ್ಪಾಯಿತು. ಆ ಹೊಲ ನಮ್ಮ ಚಿಕ್ಕಪ್ಪನದು. ಆ ವರ್ಷದಿಂದ ನಮ್ಮ ಎರಡೂ ಮನೆಯವರು ಒಂದೇ ವಾರದಲ್ಲಿ ಬಿತ್ತುತ್ತೇವೆ.

ಗಿಡದಲ್ಲಿ ರೆಕ್ಕೆಯ ಮೊಗ್ಗು ಹೊತ್ತವೇ ತುಂಬಿದ್ದು, ಗುಲಗಂಜಿ ಹುಳುಗಳೂ ಕೆಲಸ ನಡೆಸಿದ್ದರೆ, ಆಗ ಎಣ್ಣೆಗೆ ಸುರಿದ ದುಡ್ಡು ಬಹಳ ಸಲ ಸುಮ್ನೆ ಹೋದಂತೆ. ಹೊಡೆಯಲೇಬೇಕಾದರೆ ಅದರ ಹೊತ್ತು ಮೊದಲೇ ಇದೆ. ಗುಂಪು ಚಿಕ್ಕದಿದ್ದಾಗ, ಬದುವಿನ ಗಿಡಗಳಲ್ಲಿ ಶುರುವಾದಾಗ, ಅಷ್ಟು ಜಾಗಕ್ಕೆ ಮಾತ್ರ. ಆ ಹೊತ್ತಿಗೆ 5% ಬೇವಿನ ಬೀಜದ ಕಷಾಯವೂ ಕೆಲಸ ಮಾಡುತ್ತದೆ.

ರೆಕ್ಕೆ ಬಂದ ಹೇನಿನ ವಂಶಕ್ಕೆಲ್ಲ ರೆಕ್ಕೆ ಬರುತ್ತದೆಯೇ?

ಇಲ್ಲ. ಹಾರಿ ಬಂದ ತಾಯಿ ಹೊಸ ಗಿಡದ ಮೇಲೆ ಹಾಕುವುದು ಸಾಮಾನ್ಯವಾಗಿ ರೆಕ್ಕೆ ಇಲ್ಲದ ಮರಿಗಳನ್ನೇ. ಗಿಡ ಸಿಕ್ಕ ಮೇಲೆ ಅದರ ಹಾರುವ ಸ್ನಾಯುವೂ ಕರಗಿ ಮರಿ ಬೆಳೆಸಲು ಬಳಕೆಯಾಗುತ್ತದೆ. ತೂಬು ಮತ್ತೆ ಮುಚ್ಚಿತು.

ಇದನ್ನು ಔಷಧ ಕೇಳದೇ ಇರುವುದರ ಜೊತೆ ಬೆರೆಸಬೇಡಿ. "ಹುಳಕ್ಕೆ ಎಣ್ಣೆ ರೂಢಿಯಾಗಿದೆ" ಎನ್ನುತ್ತೇವಲ್ಲ, ಅದು ಬಹುಪಾಲು ಜೀನಿನ ಬರಹವೇ ಬದಲಾದ ಹುಳಗಳು ಉಳಿದು ಹೆಚ್ಚಿದ ಕತೆ. ಅದು ಅಷ್ಟು ಸುಲಭವಾಗಿ ಹಿಂದೆ ಹೋಗುವುದಿಲ್ಲ.

ಬಟಾಣಿ ಹೇನಿನ ಗಂಡುಗಳಲ್ಲಿ ಮಾತ್ರ ರೆಕ್ಕೆ ಇದೆಯೋ ಇಲ್ಲವೋ ಎಂಬುದು ಜೀನಿನಿಂದಲೇ ನಿರ್ಧಾರ ಆಗುತ್ತದೆ, ಅದೂ ಎಕ್ಸ್ ಕ್ರೋಮೋಸೋಮಿನ ಒಂದು ಜಾಗದಿಂದ. ಒಂದೇ ಜಾತಿ, ಹೆಣ್ಣಿಗೆ ಒಂದು ಕಾನೂನು, ಗಂಡಿಗೆ ಇನ್ನೊಂದು.

ಬ್ಯಾಡಗಿ ಮೆಣಸಿನಕಾಯಿಗೆ ಇದರಿಂದ ಏನು ತೊಂದರೆ?

ಹಾವೇರಿ ಕಡೆಯಿಂದ ಬರುವ ಪ್ರಶ್ನೆ. ಮೆಣಸಿನ ಗಿಡದಲ್ಲಿ ಹೇನು ರಸ ಹೀರುವುದಕ್ಕಿಂತ ದೊಡ್ಡ ತೊಂದರೆ ನಂಜುರೋಗ ಹೊತ್ತು ತರುವುದು. ಹಾಗೆ ಹೊಲದಿಂದ ಹೊಲಕ್ಕೆ ಹೊತ್ತು ತರುವುದು ರೆಕ್ಕೆಯದೇ.

ರೆಕ್ಕೆಯ ಹೇನು ಹಳದಿ ಹಸಿರು ಕಂಡಲ್ಲಿ ಇಳಿಯುತ್ತದೆ. ಇಳಿದ ಮೇಲೆ ಸೂಜಿಯಂಥ ಬಾಯಿಯಿಂದ ಒಂದೆರಡು ಕ್ಷಣ ಚುಚ್ಚಿ ರುಚಿ ನೋಡುತ್ತದೆ. ತನ್ನ ಗಿಡ ಅಲ್ಲವೆಂದರೆ ಮುಂದಿನ ಗಿಡಕ್ಕೆ ಹಾರುತ್ತದೆ. ಮೊಸಾಯಿಕ್ ತರದ ಹಲವು ನಂಜುಗಳು ಅಷ್ಟೇ ಹೊತ್ತಿನಲ್ಲಿ ಬಾಯಿಗೆ ಅಂಟುತ್ತವೆ, ಅಷ್ಟೇ ಹೊತ್ತಿನಲ್ಲಿ ಮುಂದಿನ ಗಿಡಕ್ಕೆ ಇಳಿಯುತ್ತವೆ. ಔಷಧ ಹುಳವನ್ನು ಕೊಲ್ಲುವ ಮೊದಲೇ ಕೆಲಸ ಮುಗಿದಿರುತ್ತದೆ. ಅದಕ್ಕೇ ಈ ರೋಗಗಳಿಗೆ ಎಣ್ಣೆ ಹೊಡೆದು ಹೊಡೆದು ಸೋತವರು ಬಹಳ.

ಮೆಣಸಿನ ಸುತ್ತ ಎರಡು ಮೂರು ಸಾಲು ಗೋವಿನಜೋಳ ಅಥವಾ ಜೋಳ ಮೊದಲೇ ಹಾಕಿ. ಹಾರಿ ಬಂದದ್ದು ಮೊದಲು ಅಲ್ಲಿ ಚುಚ್ಚುತ್ತದೆ, ಬಾಯಿಯ ನಂಜು ಅಲ್ಲೇ ಒರೆಸಿ ಹೋಗುತ್ತದೆ. ಆ ನಂಜುಗಳಲ್ಲಿ ಹಲವು ಜೋಳಕ್ಕೆ ಹತ್ತುವುದಿಲ್ಲ. ಸಸಿಮಡಿಗೆ ನೈಲಾನ್ ಪರದೆ ಹಾಕಿ. ಮೊದಮೊದಲು ಕಂಡ ರೋಗದ ಗಿಡ ಕಿತ್ತು ಹೂಳಿ. ನನ್ನ ಲೆಕ್ಕದಲ್ಲಿ ಈ ಮೂರರಲ್ಲಿ ಪರದೆಯೇ ಮೇಲು.

ಎಲೆ ಮುರುಟು ಎಲ್ಲವೂ ಹೇನಿನದಲ್ಲ. ಥ್ರಿಪ್ಸ್, ಮೈಟ್ ನುಸಿ, ಬಿಳಿನೊಣ ಇವೂ ಮುರುಟಿಸುತ್ತವೆ. ಹುಳ ಯಾವುದೆಂದು ತಿಳಿಯದೆ ಔಷಧ ತರಬೇಡಿ.

ಲದ್ದಿಹುಳು, ಕಾಯಿಕೊರಕ, ಬಿಳಿನೊಣ?

ಇವಕ್ಕೆ ಈ ಎರಡು ರೂಪದ ಆಟ ಇಲ್ಲ. ಪ್ರಾಯಕ್ಕೆ ಬಂದ ಮೇಲೆ ರೆಕ್ಕೆ ಬಂದೇ ಬರುತ್ತದೆ.

ಮಿಡತೆ ದಂಡು ಕೂಡ ಇದೇ ಲೆಕ್ಕವೇ?

ಹತ್ತಿರದ ಲೆಕ್ಕ. ಮರುಭೂಮಿ ಮಿಡತೆಗೆ ಒಂಟಿ ರೂಪ, ದಂಡಿನ ರೂಪ ಎಂದು ಎರಡು. ಎರಡಕ್ಕೂ ರೆಕ್ಕೆ ಇದೆ. ಬಣ್ಣ, ನಡತೆ, ಮೈಯ ಅಳತೆ ಬದಲಾಗುತ್ತವೆ. ಇಂಥ ಎರಡು ರೂಪಗಳು ಒಂದೇ ಜಾತಿಯವು ಎಂಬುದನ್ನು ಕೀಟವಿಜ್ಞಾನಿ ಬೋರಿಸ್ ಉವಾರೊವ್ 1921ರಲ್ಲಿ ಇನ್ನೊಂದು ದಂಡು ಮಿಡತೆಯ ವಿಷಯದಲ್ಲಿ ಹೇಳಿದರು. ಹಿಂಗಾಲಿಗೆ ಪದೇ ಪದೇ ತಾಗಿಸಿದರೆ ಒಂದೆರಡು ತಾಸಿನಲ್ಲೇ ಒಂಟಿ ಮಿಡತೆ ದಂಡಿನ ನಡತೆಗೆ ತಿರುಗುತ್ತದೆ, ಅದಕ್ಕೆ ಸೆರೊಟೋನಿನ್ ಎಂಬ ನರಮಂಡಲದ ರಾಸಾಯನಿಕ ಕಾರಣ ಎಂದು 2009ರಲ್ಲಿ ತೋರಿಸಿದರು. ಇಲ್ಲೂ ಮೈ ತಾಗುವುದೇ ಸುದ್ದಿ.

2020ರಲ್ಲಿ ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರಕ್ಕೆ ದಂಡು ಬಂದಾಗ ನಮ್ಮಲ್ಲೂ ಭಯ ಇತ್ತು. ಎಕ್ಕೆ ಗಿಡದ ಮೇಲೆ ಕಾಣುವ ಬಣ್ಣ ಬಣ್ಣದ ಮಿಡತೆ ಬೇರೆ ಜಾತಿ. ಅದಕ್ಕೆ ಹೆದರಬೇಡಿ.

ರೆಕ್ಕೆ ಬಾರದಂತೆ ಮಾಡುವ ಔಷಧ ಬಂದಿದೆಯಂತೆ?

ಪ್ರಯೋಗಾಲಯದಲ್ಲಿ ಜೀನಿನ ಆದೇಶ ತಡೆಯುವ ಆರ್‌ಎನ್‌ಎ ತುಣುಕು ಕೊಟ್ಟು ರೆಕ್ಕೆ ಬದಲಾಯಿಸಿದ್ದಾರೆ. ಅದು ಒಂದೊಂದು ಹುಳಕ್ಕೆ ಸೂಜಿ ಚುಚ್ಚಿ ಮಾಡುವಂಥ ಕೆಲಸ. ಹೊಲಕ್ಕೆ ಹೊಡೆಯುವ ಬಾಟಲಿಯಾಗಿ ನೀವು ಕೊಳ್ಳುವಂಥದ್ದಲ್ಲ. ಯಾರಾದರೂ ಅಂಥ ಹೆಸರಿನಲ್ಲಿ ಮಾರಿದರೆ ಲೇಬಲ್ ಓದಿ, ಬಿಲ್ ಕೇಳಿ. ಇನ್ನೊಂದು ಯೋಚನೆಯೂ ಬೇಕು. ರೆಕ್ಕೆ ತಡೆದರೆ ಹುಳ ನಿಮ್ಮ ಹೊಲದಲ್ಲೇ ಉಳಿದು ಜಾಸ್ತಿ ಮರಿ ಹಾಕುತ್ತದೆ. ನೆರೆಯವರಿಗೆ ಲಾಭ, ನಿಮಗೆ ನಷ್ಟ.

ಶಾಲೆಯಲ್ಲಿ ಮಕ್ಕಳಿಗೆ ತೋರಿಸಬಹುದೇ?

ಖಂಡಿತ. ಕುಂಡದಲ್ಲಿ ಅಲಸಂದೆ ಬಿತ್ತಿ. ನಾಲ್ಕೆಲೆ ಬಂದಾಗ ಒಂದು ಕುಂಡಕ್ಕೆ ರೆಕ್ಕೆ ಇಲ್ಲದ ಒಂದೇ ಒಂದು ಕರಿ ಹೇನು ಬಿಡಿ. ಇನ್ನೊಂದಕ್ಕೆ ಮೂವತ್ತು ಬಿಡಿ. ಎರಡಕ್ಕೂ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ, ಇರುವೆ ಬಾರದಂತೆ ನೀರಿನ ತಟ್ಟೆಯಲ್ಲಿಡಿ. ಎಂಟು ಹತ್ತು ದಿನಕ್ಕೆ ಭೂತಗನ್ನಡಿಯಲ್ಲಿ ಎಣಿಸಿ. ದೊಡ್ಡ ಮರಿಯ ಭುಜದ ಎರಡೂ ಕಡೆ ಚಿಕ್ಕ ಚೀಲದಂತೆ ಕಂಡರೆ ಅದು ರೆಕ್ಕೆಯ ಮೊಗ್ಗು. ಮೂರು ನಾಲ್ಕು ಕುಂಡ ಮಾಡಿ. ಒಂದೇ ಕುಂಡದ ಲೆಕ್ಕ ನಂಬಬೇಡಿ. ಒಂಟಿ ತಾಯಿಯ ಕುಂಡವನ್ನು ಇನ್ನೂ ಎರಡು ವಾರ ಹಾಗೇ ಬಿಟ್ಟರೆ ಅಲ್ಲೂ ಸಂದಣಿಯಾಗಿ ರೆಕ್ಕೆ ಬರುತ್ತದೆ. ಮಕ್ಕಳು ಅದನ್ನು ತಾವೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ.

ನಮ್ಮ ಹೊಲದ್ದು ಯಾವ ಹುಳ ಎಂದು ಎಲ್ಲಿ ತೋರಿಸಬೇಕು?

ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವೂ ಇದೆ. ಹುಳ ಇರುವ ತುದಿಯನ್ನು ಪ್ಲಾಸ್ಟಿಕ್‌ನಲ್ಲಿ ತುಂಬಬೇಡಿ, ಬೆವರಿ ಕೊಳೆಯುತ್ತದೆ. ಕಾಗದದಲ್ಲಿ ಸುತ್ತಿ ಬೆಳಗಿನ ಹೊತ್ತು ತನ್ನಿ. ರೆಕ್ಕೆ ಇರುವುದು, ಇಲ್ಲದ್ದು ಎರಡೂ ಇರಲಿ. ಬಿತ್ತಿದ ದಿನ, ಕೊನೆಯ ಸಲ ಏನು ಹೊಡೆದಿರಿ, ಪಕ್ಕದ ಹೊಲದಲ್ಲಿ ಏನಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.